ಒಂಬತ್ತು ಚುಕ್ಕಿಯ ಗೂಬೆ

ಬಾಗಿಲು ಮುಚ್ಚಿಕೊಂಡಾಗ ಧಡಾರ್ ಎಂದೇನೂ ಸದ್ದಾಗಲಿಲ್ಲ. ದೊಡ್ಡ ಮನುಷ್ಯರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡಂತೆ ಒಂದು ಸಣ್ಣ ‘ಕ್ಳಕ್’, ಅಷ್ಟೆ. ಆದರೆ ಮ್ಯೂಸಿಯಂನ ನೆಲಮಾಳಿಗೆಯಲ್ಲಿದ್ದ ಮೂವರೂ ಮಾತನ್ನು ಅರ್ಧಕ್ಕೆ ಬಿಟ್ಟು ಅತ್ತ ತಿರುಗಿದರು.

“ಗಾಳಿಗೆ ಹಾಕ್ಕೊಂಡಿರ್ಬೇಕು,” ಎಂದ ಕ್ಯುರೇಟರ್, ಅಲ್ಲಿನ ಸಂಗ್ರಹದ ಉಸ್ತುವಾರಿ ಅವನದು.

“ಇಲ್ಲಿಗೆ ಗಾಳಿ ಎಲ್ಲಿಂದ ಬರುತ್ತೆ ಅಳಿಯಂದ್ರೇ?” ಎಂದ ಮಾವ. “ನೊಣ ಕೂಡ ಟಿಕೆಟ್ ತಗೊಂಡು ಬರಬೇಕು ಈ ಜಾಗಕ್ಕೆ.”

ಜರಡಿ ಬಾಗಿಲ ಹತ್ತಿರ ಹೋಗಿ ಅಂಗೈ ಊರಿ ತಳ್ಳಿದಳು. ಉಕ್ಕಿನ ಬಾಗಿಲು. ಗೋಡೆ ತಳ್ಳಿದ್ದಕ್ಕೂ ಅದನ್ನು ತಳ್ಳಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಒಳಗಡೆ ಹಿಡಿಕೆ ಇಲ್ಲ, ಕಾರ್ಡು ತೋರಿಸುವ ಸಣ್ಣ ಪೆಟ್ಟಿಗೆಯೊಂದಿದೆ. ಅದರ ಕೆಂಪು ದೀಪ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು.

ಅವಳಿಗೆ ಆ ಹೆಸರು ಬಂದದ್ದು ವಿಮೆ ಕಂಪನಿಯಲ್ಲಿ. ಅವಳ ಮೇಜಿಗೆ ಬಂದ ಯಾವ ಕ್ಲೇಮೂ ಸೋಸದೆ ಹೊರಗೆ ಹೋಗುವುದಿಲ್ಲ ಎಂದು ಸಹೋದ್ಯೋಗಿಗಳು ಇಟ್ಟ ಹೆಸರು. ಈಗ ಮಗಳು ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ಕಳೆದ ತಿಂಗಳು ಈ ಮ್ಯೂಸಿಯಂನ ನೆಲಮಾಳಿಗೆಗೆ ಬೆಂಕಿ ಬಿದ್ದಾಗ ಸುಟ್ಟು ವಿಕಾರವಾದ ಕಂಚಿನ ಗೂಬೆ ಕಂಚಿನದೇ ಅಲ್ಲ, ಅಗ್ಗದ ಲೋಹದ ನಕಲು ಎಂದು ಪ್ರಯೋಗಾಲಯದವರು ಹೇಳಿದ್ದು ನಿನ್ನೆ. ಅಸಲಿ ಗೂಬೆ ಎಲ್ಲಿ, ಬದಲಾಯಿಸಿದ್ದು ಯಾರು ಎಂದು ಕೇಳಲು ಅವಳು ಇಲ್ಲಿಗೆ ಬಂದಿದ್ದು ಇವತ್ತು. ಇವತ್ತು ಮ್ಯೂಸಿಯಂಗೆ ವಾರದ ರಜೆ. ಮೇಲೆ ಒಂದು ನರಪಿಳ್ಳೆಯೂ ಇಲ್ಲ.

“ಕಾರ್ಡ್ ಕೊಡಿ,” ಎಂದಳು.

ಕ್ಯುರೇಟರ್ ಕೋಟಿನ ಜೇಬು ತಡಕಿದ. ಅಂಗಿಯ ಜೇಬು ತಡಕಿದ. ಮತ್ತೆ ಕೋಟಿನ ಜೇಬಿಗೇ ಬಂದು ನಾಲಿಗೆ ಕಚ್ಚಿಕೊಂಡ. “ಟಾರ್ಚ್ ತರೋಕೆ ಮೇಲೆ ಹೋದಾಗ ಮೇಜಿನ ಮೇಲೇ ಇಟ್ಟು ಬಂದೆ ಮೇಡಂ. ಬಾಗಿಲಿಗೆ ಹೇಗೂ ಬೆಣೆ ಕೊಟ್ಟಿತ್ತಲ್ಲ...”

“ಬೆಣೆ ಜಾರಿತಾ?”

“ಜಾರಿರ್ಬೇಕು.”

ಫೋನು ಸಿಗ್ನಲ್ಲಿನ ಒಂದು ಗೀಟೂ ತೋರಿಸಲಿಲ್ಲ. ಜರಡಿ ಅದನ್ನು ತಲೆಯ ಮೇಲೆತ್ತಿ ಹಿಡಿದು ಕೋಣೆಯ ನಾಲ್ಕೂ ಮೂಲೆಗೆ ನಡೆದಳು. ಛಾವಣಿಯಲ್ಲಿ ಬೆಂಕಿಯ ಮಸಿ ಇನ್ನೂ ಹಾಗೇ ಇತ್ತು. ಆ ಕರಿಯ ನಡುವೆ ಹೊಸದಾಗಿ ಕೂರಿಸಿದ ಬಿಳಿ ಕೊಳವೆಗಳು ಎದ್ದು ಕಾಣುತ್ತಿದ್ದವು. ತುದಿಯಲ್ಲಿ ಸಣ್ಣ ಸಣ್ಣ ತೂತುಗಳು.

“ಇದು ನೀರಿನ ಪೈಪಾ?”

“ಗ್ಯಾಸು,” ಎಂದ ಮಾವ. “ಬೆಂಕಿ ಆದ್ಮೇಲೆ ತರಾತುರಿಯಲ್ಲಿ ಹಾಕ್ಸಿದ್ರು. ನೀರು ಬಿಟ್ರೆ ಚಿತ್ರ ಎಲ್ಲ ಹಾಳಾಗುತ್ತೆ ನೋಡಿ. ಗ್ಯಾಸು ಬಿಟ್ರೆ ಬೆಂಕಿಗೆ ಉಸಿರು ಕಟ್ಟುತ್ತೆ.”

“ಮನುಷ್ಯರಿಗೆ?”

“ಬೆಂಕಿಗಿಂತ ಮುಂಚೆ.” ಮಾವ ನಗಲು ನೋಡಿದ, ಆಗಲಿಲ್ಲ. “ಮೊದಲು ಬೆಲ್ ಹೊಡ್ಕೊಳ್ಳುತ್ತೆ, ಒಳಗಿರೋರು ಓಡಿ ಹೋಗಲಿ ಅಂತ.”

“ಓಡಿ ಹೋಗೋದು ಎಲ್ಲಿಗೆ?” ಎಂದಳು ಜರಡಿ, ಮುಚ್ಚಿದ ಬಾಗಿಲ ಕಡೆ ನೋಡುತ್ತ.

“ಅಯ್ಯೋ ಮೇಡಂ, ಸುಮ್ಮನೆ ಯಾಕೆ ಹೆದರ್ಕೊಳ್ತೀರಿ,” ಎಂದ ಕ್ಯುರೇಟರ್, ಮೃದುವಾದ ದನಿಯಲ್ಲಿ. “ಹೊಗೆ ಬಂದ್ರೆ ಮಾತ್ರ ಅದು. ಇಲ್ಲಾಂದ್ರೆ ಮೇಲಿರೋ ಸ್ವಿಚ್ ಯಾರಾದ್ರೂ ಒತ್ತಬೇಕು. ಮೇಲೆ ಯಾರಿದ್ದಾರೆ?”

ಮೇಲೆ ಯಾರೂ ಇಲ್ಲ ಎನ್ನುವುದೇ ಸಮಾಧಾನ, ಅದೇ ಸಂಕಟ.

ಮೂಲೆಯಲ್ಲಿ ಸಾಮಾನಿನ ಲಿಫ್ಟಿತ್ತು. ಬಟ್ಟೆಯ ಬೀರುವಿನಷ್ಟು ಅಗಲ, ಎತ್ತರ ಅದಕ್ಕೂ ಕಡಿಮೆ. ಬಾಗಿಲ ಮೇಲೆ ಯಾವ ಕಾಲದಲ್ಲೋ ಬರೆಸಿದ ಬಣ್ಣದ ಅಕ್ಷರ: ‘ಎಂಬತ್ತು ಕೆಜಿ ಮಾತ್ರ. ಜನ ಏರಕೂಡದು.’ ಅದನ್ನು ನಡೆಸುವ ಗುಂಡಿಗಳಿದ್ದದ್ದು ಹೊರಗೆ, ಮೇಲೊಂದು ಕೆಳಗೊಂದು. ಒಳಗೆ ಕೂತ ಸಾಮಾನು ಗುಂಡಿ ಒತ್ತುವುದಿಲ್ಲವಲ್ಲ.

“ಒಬ್ಬರು ಹೋಗಬಹುದು,” ಎಂದಳು ಜರಡಿ. “ಯಾರು ಎಷ್ಟು ತೂಕ?”

“ನನ್ನನ್ನ ಬಿಟ್ಬಿಡಿ,” ಮಾವ ಹೊಟ್ಟೆ ತಟ್ಟಿಕೊಂಡ. “ನಾನು ಏರಿದ್ರೆ ಲಿಫ್ಟು ಮೇಲೆ ಹೋಗಲ್ಲ, ಕಟ್ಟಡ ಕೆಳಗೆ ಬರುತ್ತೆ.”

“ನಾನು ಐವತ್ತೊಂಬತ್ತು. ಈ ಕೈಚೀಲ ಬಿಟ್ಟು.”

“ನಾನು ಎಪ್ಪತ್ತು,” ಎಂದ ಕ್ಯುರೇಟರ್. “ದಿನಾ ವಾಕಿಂಗ್ ಮಾಡ್ತೀನಿ.”

ಮಾವ ಈ ಮ್ಯೂಸಿಯಂನ ಪ್ಯಾಕಿಂಗ್ ಮೇಸ್ತ್ರಿ. ಅವನ ಮಗಳನ್ನು ಕ್ಯುರೇಟರಿಗೆ ಕೊಟ್ಟಿದೆ. ಅಳಿಯ ‘ಮಾವ’ ಎಂದು ಕರೆದದ್ದೇ ನೆಪ, ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರ ತನಕ ಎಲ್ಲರೂ ಅವನನ್ನು ಮಾವ ಮಾಡಿಕೊಂಡಿದ್ದರು. ಸದಾ ಬಾಯಿ ತುಂಬ ಮಾತಾಡುವ ಆ ಮನುಷ್ಯ ಈಗ ಯಾರ ಮುಖವನ್ನೂ ನೋಡದೆ, ಲಿಫ್ಟಿನ ಕದಕ್ಕೆ ಹೇಳಿದಂತೆ ಹೇಳಿದ: “ಮೇಡಂ, ಮೊದಲು ನೀವೇ ಹೋಗಿ.”

ಜರಡಿ ಒಂದು ಗಳಿಗೆ ಯೋಚಿಸಿದಳು. ತಾನು ಹೋದರೆ ಯಾವ ಕೋಣೆ, ಯಾವ ಮೇಜು, ಯಾವ ಡ್ರಾಯರು ಎಂದು ತಡಕಾಡಬೇಕು. ಇವನು ಹೋದರೆ ನೇರ ಮೇಜಿಗೆ ನಡೆದು ಕಾರ್ಡು ಎತ್ತಿಕೊಂಡು ಮೆಟ್ಟಿಲಿಳಿದು ಬರುತ್ತಾನೆ. ಅದೂ ಅಲ್ಲದೆ ಮಾವನ ಹತ್ತಿರ ಒಂಟಿಯಾಗಿ ಮಾತಾಡಲು ಅವಳು ಬೆಳಗ್ಗೆಯಿಂದ ಸಂದು ಹುಡುಕುತ್ತಿದ್ದಳು. ಯಾರನ್ನು ಕಳಿಸಿದರೆ ಹೆಚ್ಚು ಉಪಯೋಗ? ಉತ್ತರ ಕಣ್ಣಿಗೆ ಹೊಡೆಯುವಂತಿತ್ತು.

“ನೀವು ಹೋಗಿ ಸರ್. ಮೂರೂವರೆಗೆ ನನ್ನ ಮಗಳ ಶಾಲೆ ಬಿಡುತ್ತೆ. ಗೇಟಿನ ಹತ್ತಿರ ಒಬ್ಬಳೇ ನಿಂತಿರ್ತಾಳೆ.”

“ಈಗ ಹೋದೆ, ಈಗ ಬಂದೆ.” ಕ್ಯುರೇಟರ್ ಕೋಟು ಬಿಚ್ಚಿ, ನೀಟಾಗಿ ಮಡಚಿ, ತೋಳಿನ ಮೇಲೆ ಹಾಕಿಕೊಂಡ. ಕುಕ್ಕರುಗಾಲಿನಲ್ಲಿ ಲಿಫ್ಟಿನೊಳಗೆ ಕೂತು ಮಂಡಿ ಅಪ್ಪಿಕೊಂಡ. “ಮಾವ, ಮೇಡಂನ ಚೆನ್ನಾಗಿ ನೋಡ್ಕೊಳ್ಳಿ.”

ಮಾವ ತಲೆಯಾಡಿಸಲಿಲ್ಲ.

ಕದ ಎಳೆದವಳು ಜರಡಿ. ಗುಂಡಿ ಒತ್ತಿದವಳೂ ಅವಳೇ.

ಲಿಫ್ಟು ನರಳುತ್ತ ಮೇಲೇರಿತು. ಮಾವ ತಲೆ ಓರೆ ಮಾಡಿ ಕೇಳಿಸಿಕೊಂಡ. “ಎಪ್ಪತ್ತಾರು,” ಎಂದು ಗೊಣಗಿದ.

“ಏನದು?”

“ಅಳಿಯಂದ್ರ ತೂಕ. ಎಪ್ಪತ್ತಂತೆ! ವಾಕಿಂಗ್ ಅಂತೆ! ಮೋಟರು ಸುಳ್ಳು ಹೇಳಲ್ಲ ಮೇಡಂ. ಹೆಂಡ್ತಿ ಗೊರಕೆಗಿಂತ ಹೆಚ್ಚು ಇದರ ನರಳಾಟ ಕೇಳಿದೀನಿ. ಎಷ್ಟು ಹೊತ್ತಿದೆ ಅಂತ ಕಿವಿಗೇ ಗೊತ್ತಾಗುತ್ತೆ.”

ಜರಡಿಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು. ಮೇಲೆ ಲಿಫ್ಟಿನ ಕದ ತೆರೆದ ಸದ್ದು ಕೇಳಿಸಿತು, ಆಮೇಲೆ ಹೆಜ್ಜೆ ಸದ್ದು, ಆಮೇಲೆ ಏನೂ ಇಲ್ಲ.

ಅವಳು ಒಂದು ಮರದ ಪೆಟ್ಟಿಗೆ ಎಳೆದುಕೊಂಡು ಮಾವನ ಎದುರಿಗೆ ಕೂತಳು.

“ಮಾವ, ಅವರು ಬರೋ ತನಕ ಒಂದು ಮಾತು. ಬೆಂಕಿ ಬಿದ್ದ ದಿನ ಈ ಲಿಫ್ಟಿಗೆ ಏನೇನು ತುಂಬಿದ್ರಿ? ತುಂಬಿದ ಕ್ರಮದಲ್ಲೇ ಹೇಳಿ.”

“ಎಷ್ಟು ಸಲ ಹೇಳೋದು ಮೇಡಂ? ಒಂದೇ ಸಲ ಏರಿತು, ಆಮೇಲೆ ಕರೆಂಟು ಹೋಯ್ತು. ಆ ಒಂದು ಸಲಕ್ಕೆ ಎಷ್ಟು ಹಿಡೀತೋ ಅಷ್ಟು.”

“ಕ್ರಮ ಕೇಳಿದೆ.”

ಬೆಂಕಿಯಿಂದ ಉಳಿದುಕೊಂಡ ಸಾಮಾನುಗಳು ಅಲ್ಲೇ ಕಪಾಟಿನಲ್ಲಿದ್ದವು, ಪ್ರತಿಯೊಂದರ ಕೊರಳಿಗೂ ಒಂದು ರಟ್ಟಿನ ಚೀಟಿ. ಚೀಟಿಯ ಮೇಲೆ ಶಾಯಿಯ ಚುಕ್ಕಿಗಳು. ವಸ್ತು ಎಷ್ಟು ಬೆಲೆಬಾಳುತ್ತದೆಯೋ ಅಷ್ಟು ಚುಕ್ಕಿ, ಹತ್ತಕ್ಕೆ ಮೀರುವಂತಿಲ್ಲ. ಇದು ಈ ಮ್ಯೂಸಿಯಂನವರ ಹಳೆಯ ಪದ್ಧತಿ. ಅಪಾಯ ಬಂದಾಗ ಓದುತ್ತ ನಿಲ್ಲಲು ಯಾರಿಗೆ ಪುರುಸೊತ್ತು? ಚುಕ್ಕಿ ನೋಡು, ಭಾರ ನೋಡು, ಎತ್ತು.

ಮಾವ ಎದ್ದು ಒಂದೊಂದನ್ನೇ ಮುಟ್ಟುತ್ತ ಹೋದ. “ಮೊದಲು ಈ ಹವಳದ ಪೆಟ್ಟಿಗೆ. ಆಮೇಲೆ ಸಣ್ಣ ಚಿತ್ರಗಳ ಕಟ್ಟು. ಆಮೇಲೆ ಬೆಳ್ಳಿ ಹೂದಾನಿ. ದುರ್ಬೀನು. ಪಿಂಗಾಣಿ ಪೆಟ್ಟಿಗೆ. ಕೊನೇಗೆ ಈ ಅಮೃತಶಿಲೆ ಕೈ.”

“ಯಾಕೆ ಹೀಗೇ?”

“ಕೆಜಿಗೆ ಎಷ್ಟು ಚುಕ್ಕಿ ಬೀಳುತ್ತೆ ನೋಡೋದು. ಯಾವುದಕ್ಕೆ ಜಾಸ್ತಿ ಬೀಳುತ್ತೋ ಅದು ಮೊದಲು. ಅದಾದ್ಮೇಲೆ ಅದರ ಕೆಳಗಿನದು. ಹೀಗೇ ಇಳ್ಕೊಂಡು ಹೋಗೋದು. ಹಿಡೀದೇ ಹೋದ್ರೆ ಅದನ್ನ ಬಿಟ್ಟು ಮುಂದಿನದು. ಒಂದು ಸಲ ಇಟ್ಟಿದ್ದನ್ನ ಮಾತ್ರ ವಾಪಸ್ ತೆಗೀಬಾರದು. ತೆಗೆದು ಇಟ್ಟು, ಇಟ್ಟು ತೆಗೆದು ಮಾಡ್ತಾ ಕೂತ್ರೆ ಮೀಸೆಗೆ ಬೆಂಕಿ ಹತ್ಕೊಳ್ಳುತ್ತೆ.”

“ನನ್ನ ಮಗಳು ಟೂರಿಗೆ ಚೀಲ ತುಂಬೋದೂ ಹೀಗೇ. ಹಗುರ ಇರೋದು, ಇಷ್ಟವಾಗಿರೋದು ಎಲ್ಲ ಮೊದಲು. ಬಣ್ಣದ ಪೆನ್ಸಿಲು, ಗೊಂಬೆ, ಗೊಂಬೆಗೊಂದು ಟೋಪಿ. ಕೊನೇಗೆ ಸ್ವೆಟರಿಗೆ ಜಾಗ ಇಲ್ಲ. ಅಲ್ಲಿ ಹೋಗಿ ನಡುಗ್ತಾ ಕೂತಿರ್ತಾಳೆ.”

“ಆಗುತ್ತೆ,” ಎಂದ ಮಾವ, ಆ ಹುಡುಗಿ ತನ್ನ ಮೊಮ್ಮಗಳೇ ಏನೋ ಎಂಬಂತೆ ಬಿಟ್ಟುಕೊಡದೆ. “ಒಂದೊಂದು ಸಲ ಕೊನೇಲಿ ಸ್ವಲ್ಪ ಜಾಗ ಸುಮ್ಮನೆ ಖಾಲಿ ಉಳಿಯುತ್ತೆ, ಒಳ್ಳೇದೊಂದು ಹೊರಗೆ ಉಳಿಯುತ್ತೆ. ಎಲ್ಲವನ್ನೂ ಎಲ್ಲದರ ಜೊತೆ ಜೋಡ್ಸಿ ನೋಡಿದ್ರೆ ಇದಕ್ಕಿಂತ ಚೆನ್ನಾಗಿ ತುಂಬಬಹುದು, ಇಲ್ಲ ಅನ್ನಲ್ಲ. ಜೋಡ್ಸಿ ನೋಡೋಕೆ ಹೊಗೆ ಬಿಡಬೇಕಲ್ಲ? ಇದು ಸರಿ ಉತ್ತರ ಅಲ್ಲ ಮೇಡಂ, ಬೇಗ ಸಿಗೋ ಉತ್ತರ. ಎಷ್ಟೋ ಸಲ ಅದೇ ಸಾಕಾಗುತ್ತೆ.”

“ಸರಿ. ಗೂಬೆ ಯಾಕೆ ಕೆಳಗೇ ಉಳೀತು?”

“ಜಾಗ ಇರ್ಲಿಲ್ಲ. ಕೈ ಇಟ್ಟ ಮೇಲೆ ಲಿಫ್ಟಲ್ಲಿ ಎಂಟು ಕೆಜಿ ಉಳಿದಿತ್ತು. ಗೂಬೆ ಇಪ್ಪತ್ತೆರಡು. ಎಲ್ಲಿ ತುರುಕ್ಲಿ?”

ಜರಡಿ ಎದ್ದಳು. ಹೂದಾನಿಗೂ ದುರ್ಬೀನಿಗೂ ನಡುವೆ ಕಪಾಟಿನ ಹಲಗೆಯ ಮೇಲೆ ಬೆರಳಿಟ್ಟಳು.

“ಗೂಬೆಗೆ ಒಂಬತ್ತು ಚುಕ್ಕಿ ಅಂತ ನಮ್ಮ ಕಂಪನಿಗೆ ತಿಳಿಸಿದ್ದಾರೆ. ದುರ್ಬೀನಿಗೆ ಐದು, ಅದು ಹದಿನಾಲ್ಕು ಕೆಜಿ. ಕೆಜಿಗೆ ಎಷ್ಟು ಚುಕ್ಕಿ ಅಂತ ನೋಡಿದ್ರೆ ಎರಡರಲ್ಲಿ ಯಾವುದು ಮುಂದೆ?”

“ಗೂಬೆ,” ಎಂದ ಮಾವ.

“ಅಂದ್ರೆ ಗೂಬೆ ಸರದಿ ಇಲ್ಲಿ. ಹೂದಾನಿ ಆದ ಕೂಡ್ಲೇ. ಆಗ ಲಿಫ್ಟ್ ಎಷ್ಟು ತುಂಬಿತ್ತು?”

“ಅದು... ಹೊಗೆಯಲ್ಲಿ...”

“ಕಾಲು ಭಾಗ. ನಾನು ತೂಕ ಹಾಕಿ ನೋಡಿದೀನಿ. ಮುಕ್ಕಾಲು ಲಿಫ್ಟು ಬಾಯಿ ತೆರ್ಕೊಂಡು ನಿಂತಿತ್ತು ಮಾವ. ಆ ಹೊತ್ತಲ್ಲಿ ನೀವು ಗೂಬೆನ ದಾಟಿ ಹೋಗಿ ದುರ್ಬೀನು ಎತ್ತಿದ್ರಿ. ಆಮೇಲೆ ಪಿಂಗಾಣಿ. ಆಮೇಲೆ ಯಾರಿಗೂ ಬೇಡದ ಈ ಒಂಟಿ ಕೈ. ಜಾಗ ಇರಲಿಲ್ಲ ಅಂತ ಬೇರೆ ಯಾರ ಹತ್ರಾನಾದ್ರೂ ಹೇಳಿ.”

“ಗಾಬರಿ ಆಗಿತ್ತು.”

“ಗಾಬರಿ ಆದವನು ಕೈಗೆ ಸಿಕ್ಕಿದ್ದು ಬಾಚ್ಕೊಳ್ತಾನೆ. ನೀವು ಒಂದನ್ನೂ ಹಿಂದೆ ಮುಂದೆ ಮಾಡಿಲ್ಲ. ಹವಳದಿಂದ ಹಿಡಿದು ಈ ಕೈ ತನಕ ಮೆಟ್ಟಿಲು ಇಳಿದ ಹಾಗೆ ಇಳಿದಿದ್ದೀರಿ. ತಪ್ಪಿದ ಮೆಟ್ಟಿಲು ಒಂದೇ.” ಅವಳು ದನಿ ತಗ್ಗಿಸಿದಳು. “ಅದು ನಕಲಿ ಅಂತ ಗೊತ್ತಿದ್ದವನು ಮಾತ್ರ ಅದನ್ನ ಬೆಂಕಿಗೆ ಬಿಡ್ತಾನೆ.”

ಮಾವ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಕೋಣೆಯಲ್ಲಿ ಸೆಕೆ ಏರುತ್ತಿತ್ತೋ, ಅವಳಿಗೇ ಹಾಗನ್ನಿಸುತ್ತಿತ್ತೋ. ಮಸಿಯ ವಾಸನೆ ಗಂಟಲಲ್ಲಿ ಕೂತಿತ್ತು.

“ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದ್ದೀರಿ ಅನ್ನೋಣ ಅಂದ್ರೆ,” ಎಂದ ಮಾವ, “ಇಲ್ಲಿ ನಿಜವಾಗ್ಲೂ ಗೂಬೆನೇ ಇದೆಯಲ್ಲ ಮೇಡಂ.” ಅವನ ನಗೆ ಗೋಡೆಗೆ ತಗುಲಿ ವಾಪಸ್ ಬಂದಾಗ ಅಳುವಿನ ಹಾಗೆ ಕೇಳಿಸಿತು. “ಬರ್ಕೊಳ್ಳಿ. ನನ್ನ ಹೆಸರೇ ಬರ್ಕೊಳ್ಳಿ. ಸಂಜೆ ಪೊಲೀಸರನ್ನ ಕರೆಸಿ. ಬರ್ತೀನಿ.”

ಜರಡಿ ಪೆನ್ನು ತೆಗೆಯಲಿಲ್ಲ.

ಇಷ್ಟು ವರ್ಷದಲ್ಲಿ ಅವಳು ಬಗೆಬಗೆಯ ಕಳ್ಳರನ್ನು ನೋಡಿದ್ದಳು. ಅತ್ತವರು, ಆಣೆ ಇಟ್ಟವರು, ಎದೆ ಹಿಡಿದು ಬಿದ್ದವರು. ನೀವು ಯಾರು ಕೇಳೋಕೆ ಎಂದು ಮೇಜು ಕುಟ್ಟಿದವರು. ಆದರೆ ಗೆದ್ದ ವಾದವನ್ನು ಇಷ್ಟು ಸಲೀಸಾಗಿ ಕೈಗೆ ತಂದಿಟ್ಟವರಿಲ್ಲ. ಮೊದಲು ಸಿಕ್ಕ ಉತ್ತರ. ಚೆನ್ನಾಗಿ ಕೂರುವ ಉತ್ತರ. ಬೇಗ ಸಿಗೋ ಉತ್ತರ, ಎಂದಿದ್ದ ಇವನೇ.

ಅವಳು ಮತ್ತೆ ಹೂದಾನಿಯ ಚೀಟಿಯನ್ನು ಕೈಗೆ ತೆಗೆದುಕೊಂಡಳು. ಏಳು ಚುಕ್ಕಿ, ಒಂದೇ ಅಳತೆಯವು, ಓಲಾಡದ ಕೈ ಇಟ್ಟವು. ಮಾವನ ಬೆರಳುಗಳ ಕಡೆ ನೋಡಿದಳು. ಹಗ್ಗ ಉಜ್ಜಿ ಉಜ್ಜಿ ಬಾತುಕೊಂಡ ಬೆರಳು.

“ಮಾವ, ಭಾರ ನಿಮ್ಮ ಕೈಗೆ ಗೊತ್ತು. ಸರಿ. ಈ ಚುಕ್ಕಿ ಇಡೋದು ಯಾರು?”

ಮಾವ ಬೆರಳುಗಳನ್ನು ಮಡಚಿಕೊಂಡ.

“ನೀವು ಇಡಲ್ಲ. ನೀವು ನೋಡ್ತೀರಿ ಅಷ್ಟೆ. ಯಾರೋ ಇಟ್ಟಿದ್ದನ್ನ ನಂಬ್ಕೊಂಡು ಎತ್ತುತ್ತೀರಿ.” ಅವಳು ಚೀಟಿಯನ್ನು ಮಾವನ ಕಡೆ ತಿರುಗಿಸಿದಳು. “ಬೆಂಕಿ ಬಿದ್ದ ದಿನ ಗೂಬೆ ಕೊರಳಲ್ಲಿ ಎಷ್ಟು ಚುಕ್ಕಿ ಇತ್ತು?”

ಮಾವ ಲಿಫ್ಟಿನ ಮೇಲೆ, ಅಳಿಯ ಹೋದ ದಾರಿಯ ಕಡೆ ಕಣ್ಣೆತ್ತಿದ.

“ಮೂರು,” ಎಂದ.

ಮೂರು ಚುಕ್ಕಿ, ಇಪ್ಪತ್ತೆರಡು ಕೆಜಿ. ಎಲ್ಲದಕ್ಕಿಂತ ಕೊನೆಯ ಮೆಟ್ಟಿಲು. ಒಂಟಿ ಕೈಗಿಂತಲೂ ಕೆಳಗೆ. ಅದರ ಸರದಿ ಬರುವಾಗ ನಿಜವಾಗಿಯೂ ಜಾಗವಿರಲಿಲ್ಲ. ಮಾವ ಒಂದು ಮೆಟ್ಟಿಲನ್ನೂ ತಪ್ಪಿಸಿರಲಿಲ್ಲ.

“ಅದಕ್ಕೆ ಮುಂಚೆ ಒಂಬತ್ತಿತ್ತು,” ಮಾವನ ಮಾತು ಈಗ ಕಟ್ಟೆ ಒಡೆದುಕೊಂಡಿತು. “ನಾನೇ ಎಷ್ಟು ಸಲ ಎತ್ತಿಳಿಸಿದೀನಿ, ಗೊತ್ತಿಲ್ವಾ? ಆವತ್ತು ನೋಡಿದಾಗ ಒಂದು ಕ್ಷಣ ಅನ್ನಿಸ್ತು, ಇದೇನು ಮೂರೇ ಅಂತ. ಸುತ್ತ ಹೊಗೆ. ಯಾರನ್ನ ಕೇಳ್ಲಿ? ಚುಕ್ಕಿ ಹೇಳಿದ್ದನ್ನ ಕೈ ಮಾಡ್ತು.”

“ಕೈ ಮುಟ್ಟಲೂ ಇಲ್ಲ ಅದನ್ನ.”

“ಎತ್ತಿದ್ರೆ ಗೊತ್ತಾಗ್ಬಿಡ್ತಿತ್ತು ತಾಯಿ! ನಕಲಿಗೆ ಆ ಭಾರ ಎಲ್ಲಿಂದ ಬರುತ್ತೆ? ಬರೀ ಎತ್ತಿದ್ರೆ ಸಾಕಿತ್ತು...”

ಅದಕ್ಕೇ. ಜರಡಿ ಕಣ್ಣು ಮುಚ್ಚಿದಳು. ಇಡೀ ಮ್ಯೂಸಿಯಂನಲ್ಲಿ ಆ ನಕಲಿಗೆ ಇದ್ದ ಅಪಾಯ ಒಂದೇ, ಈ ಮನುಷ್ಯನ ಎರಡು ಕೈ. ಆ ಕೈ ಅದನ್ನು ಮುಟ್ಟದಂತೆ ಮಾಡಲು ಚುಕ್ಕಿ ಇಳಿಸಿದರಾಯಿತು. ಮಿಕ್ಕಿದ್ದನ್ನು ಬೆಂಕಿ ನೋಡಿಕೊಳ್ಳುತ್ತದೆ. ಹಾಗಾದರೆ ಬೆಂಕಿಯೂ ತಾನಾಗಿ ಬಿದ್ದದ್ದಲ್ಲ.

“ಚುಕ್ಕಿ ಇಡೋದು ಯಾರು, ಮಾವ?” ಗೊತ್ತಿದ್ದೂ ಕೇಳಿದಳು.

“ನನ್ನ ಮಗಳ ಗಂಡ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ನಾನು ಬಾಯಿ ಬಿಟ್ರೆ ಅವಳ ಸಂಸಾರ ಒಡೆಯುತ್ತೆ. ಬಾಯಿ ಮುಚ್ಕೊಂಡು ನಾನು ಒಳಗೆ ಹೋದ್ರೆ ಅವಳ ಮನೇಲಿ ಭಾನುವಾರದ ಊಟಕ್ಕೆ ಒಬ್ಬ ಕಡಿಮೆ, ಅಷ್ಟೆ. ಯಾವುದು ಹಗುರ ಅಂತ ನೋಡಿದೆ, ಎತ್ಕೊಂಡೆ.” ಮಾವ ಅವಳ ಕಡೆ ತಿರುಗಿದ. “ಅದಕ್ಕೇ ಮೊದಲು ನೀವು ಹೋಗಿ ಅಂದೆ. ಅವರನ್ನ ಒಬ್ಬರನ್ನೇ ಮೇಲೆ ಬಿಡೋದು ಬೇಡ ಅಂತ ಒಳಗೊಳಗೇ ಏನೋ...”

ಜರಡಿ ಆಗಲೇ ಲಿಫ್ಟಿನ ಮುಂದಿದ್ದಳು. ಗುಂಡಿ ಒತ್ತಿದಳು. ಹಸಿರು ದೀಪ ಹತ್ತಲಿಲ್ಲ. ಮತ್ತೆ ಒತ್ತಿದಳು. ಬೆರಳು ನೋಯುವ ಹಾಗೆ ಒತ್ತಿದಳು.

“ಬರಲ್ಲ,” ಎಂದ ಮಾವ ಹಿಂದಿನಿಂದ. “ಮೇಲೆ ಕದ ತೆಗೆದೇ ಬಿಟ್ಟಿದ್ದಾರೆ. ಕದ ತೆಗೆದಿದ್ರೆ ಇದು ಜಗ್ಗಲ್ಲ.”

“ಮರೆತಿರಬಹುದು.”

ಅಷ್ಟರಲ್ಲಿ ಜರಡಿಯ ಕಣ್ಣು ಬಾಗಿಲ ಪಕ್ಕದ ಕಪಾಟಿನ ಮೇಲೆ ನಿಂತುಬಿಟ್ಟಿತ್ತು. ಮೇಲಿನ ಹಲಗೆ, ಕೈಗೆ ಎಟುಕುವಷ್ಟೇ ಎತ್ತರ. ಟಾರ್ಚು ಹಿಡಿದು ಕೊನೆಯದಾಗಿ ಒಳಗೆ ಬಂದ ಕ್ಯುರೇಟರ್ ಬೆನ್ನು ಕೊಟ್ಟು ನಿಂತಿದ್ದ ಜಾಗ. ಅಲ್ಲಿ, ಎರಡು ಪೆಟ್ಟಿಗೆಗಳ ನಡುವೆ, ಮರದ ಬೆಣೆ ಇತ್ತು. ಜಾರಿದ ಬೆಣೆ ನೆಲದ ಮೇಲೆ ಬಿದ್ದಿರುತ್ತದೆ. ಇದು ಏರಿ ಕೂತಿತ್ತು.

ಬಾಗಿಲು ಮುಚ್ಚಿದ್ದು ಅವನು. ಕಾರ್ಡು ಮೇಲೆ ಬಿಟ್ಟು ಬಂದದ್ದು ಅವನು. ಇಷ್ಟು ಮಾಡಿ ತಾನೂ ಒಳಗೇ ಯಾಕೆ ಉಳಿದ? ಮೂವರಲ್ಲಿ ಯಾರನ್ನು ಮೇಲೆ ಕಳಿಸುತ್ತಾಳೆ ಈ ಜರಡಿ ಮೇಡಂ ಎಂದು ಅವನಿಗೆ ಅನುಮಾನವೇ ಇರಲಿಲ್ಲ, ಅದಕ್ಕೆ. ಮಾವನ ಕೈ ಚುಕ್ಕಿ ನೋಡಿ ಎತ್ತುತ್ತದೆ. ಇವಳ ಬುದ್ಧಿ ಉಪಯೋಗ ನೋಡಿ ಎತ್ತುತ್ತದೆ. ಎದುರಿಗೆ ಹೊಳೆಯುವುದೊಂದನ್ನು ಇಟ್ಟರೆ ಸಾಕು. ಲಿಫ್ಟಿನಿಂದ ಹೊರಗೆ ಉಳಿದವರು ಈ ಗೂಬೆಯ ಬಗ್ಗೆ ಗೊತ್ತಿರುವ ಇಬ್ಬರು, ಇಬ್ಬರೂ ಒಂದೇ ಕೋಣೆಯಲ್ಲಿ. ಯಾರೂ ಎಳೆದು ತರಲಿಲ್ಲ. ಅವಳೇ ಗುಂಡಿ ಒತ್ತಿ ಅವನನ್ನು ಕಳಿಸಿಕೊಟ್ಟಿದ್ದಳು.

ಒಂದು ಸಲ ಇಟ್ಟಿದ್ದನ್ನ ವಾಪಸ್ ತೆಗೀಬಾರದು.

“ಇದನ್ನು ಬಿಟ್ಟು ಬೇರೆ ದಾರಿ?” ಎಂದಳು. ದನಿ ತನ್ನದಲ್ಲದ ಹಾಗಿತ್ತು.

“ಇಲ್ಲ.”

“ಕಿಟಕಿ, ಗಾಳಿಗಂಡಿ, ಏನಾದ್ರೂ?”

“ಒಂದಿತ್ತು. ಗ್ಯಾಸು ಸೋರಬಾರದು ಅಂತ ಇಟ್ಟಿಗೆ ಇಟ್ಟು ಮುಚ್ಚಿದ್ರು. ಇಟ್ಟಿಗೆ ಹೊತ್ತು ತಂದವನು ನಾನೇ.”

ಆಗ ಬೆಲ್ ಹೊಡೆಯಿತು.

ಅದು ಬಾಗಿಲ ಬೆಲ್ಲಲ್ಲ, ಶಾಲೆಯ ಬೆಲ್ಲೂ ಅಲ್ಲ. ಹಲ್ಲಿನ ನರಕ್ಕೇ ಸೂಜಿ ಇಟ್ಟಂಥ ಸದ್ದು. ಛಾವಣಿಯ ಬಿಳಿ ಕೊಳವೆಗಳ ಪಕ್ಕದಲ್ಲಿ ಹಳದಿ ದೀಪವೊಂದು ತಿರುಗತೊಡಗಿತು. ಮಸಿ ಹಿಡಿದ ಗೋಡೆ ಹಳದಿಯಾಯಿತು, ಕಪ್ಪಾಯಿತು, ಹಳದಿಯಾಯಿತು.

ಕೋಣೆಯಲ್ಲಿ ಹೊಗೆ ಇರಲಿಲ್ಲ. ಮೇಲೆ ಯಾರೋ ಸ್ವಿಚ್ ಒತ್ತಿದ್ದರು.

ಮಾವ ಗೋಡೆಗೆ ಒರಗಿದ. “ನಾನಿದ್ದೀನಿ ಅಂತ ಗೊತ್ತಿದ್ದೂ,” ಎಂದ. “ನಾನು ಕೆಳಗಿದ್ದೀನಿ ಅಂತ ಗೊತ್ತಿದ್ದೂ... ನನ್ನ ಮಗಳಿಗೆ ಏನಂತ ಹೇಳ್ತಾನೆ?”

“ಮಾವ! ಇಲ್ಲಿ ನೋಡಿ. ಬೆಲ್ ಎಷ್ಟು ಹೊತ್ತು ಹೊಡೆಯುತ್ತೆ?”

“ಜಾಸ್ತಿ ಇಲ್ಲ. ಹತ್ತಿಪ್ಪತ್ತು ಮೆಟ್ಟಿಲು ಹತ್ತಿ ಹೋಗೋವಷ್ಟು.”

ಜರಡಿ ಕೈಚೀಲ ಬಿಸಾಡಿದಳು. ಅಮೃತಶಿಲೆಯ ಕೈಯನ್ನು ಎರಡೂ ತೋಳಿನಲ್ಲಿ ಬಾಚಿಕೊಂಡು ಕಾರ್ಡಿನ ಪೆಟ್ಟಿಗೆಯ ಮೇಲೆ ಬೀಸಿದಳು. ಶಿಲೆಯ ಎರಡು ಬೆರಳು ಮುರಿದು ಹಾರಿದವು. ಕೆಂಪು ದೀಪ ಹಾಗೇ ಇತ್ತು. ಶಾಲೆಯ ಗೇಟು, ಮೊಣಕಾಲಿನ ತನಕ ಜಾರಿದ ಮಗಳ ಚೀಲ ಕಣ್ಣ ಮುಂದೆ ಬಂದು ನಿಂತವು. ಇನ್ನೊಮ್ಮೆ ಬೀಸಲು ಕೈ ಎತ್ತಿದಳು.

“ತಡೀರಿ!” ಮಾವ ಅಂಗೈ ಎತ್ತಿದ.

ಬೆಲ್ಲಿನ ಕಿರುಚಾಟದ ಅಡಿಯಲ್ಲಿ, ಎಲ್ಲೋ ಮೇಲೆ, ಕದ ಮುಚ್ಚಿದ ಸದ್ದಾಯಿತು. ಲಿಫ್ಟಿನ ಗುಂಡಿಯ ಪಕ್ಕ ಹಸಿರು ದೀಪ ಹತ್ತಿತು. ಮೋಟರು ನರಳತೊಡಗಿತು.

“ಬರ್ತಿದೆ!” ಜರಡಿ ಶಿಲೆಯನ್ನು ಕೆಳಗೆ ಬಿಟ್ಟಳು. “ಮಾವ, ಬರ್ತಿದೆ! ಮನಸ್ಸು ಬದಲಾಯಿಸಿದ್ದಾನೆ!”

ಮಾವ ಲಿಫ್ಟಿನ ಕದಕ್ಕೆ ಕಿವಿ ಹಚ್ಚಿ ನಿಂತಿದ್ದ. ಹಳದಿ ಬೆಳಕು ಅವನ ಮುಖದ ಮೇಲೆ ಹಾದು ಹೋಯಿತು. ಮತ್ತೆ ಬಂದಾಗ ಆ ಮುಖದಲ್ಲಿ ರಕ್ತವಿರಲಿಲ್ಲ.

“ಖಾಲಿ ಬರ್ತಿಲ್ಲ ತಾಯಿ.”

“ಯಾರಿದ್ದಾರೆ ಒಳಗೆ? ಅವನಾ?”

“ಮನುಷ್ಯರ ಭಾರ ಅಲ್ಲ ಇದು.” ಅವನು ಕದದಿಂದ ಮೆಲ್ಲಗೆ ಹಿಂದೆ ಸರಿದ. ಬಾತ ಬೆರಳುಗಳು ಏನನ್ನೋ ಎತ್ತಿಕೊಂಡಂತೆ ಗಾಳಿಯಲ್ಲಿ ಅರ್ಧ ಮಡಚಿ ನಿಂತಿದ್ದವು. “ಇಪ್ಪತ್ತೆರಡು. ಈ ಭಾರ ನನ್ನ ಕೈಗೆ ಗೊತ್ತು. ಅಸಲಿ ಗೂಬೆ ಕೆಳಗೆ ಬರ್ತಿದೆ, ನಾಳೆ ಬಾಗಿಲು ತೆಗೆದವರಿಗೆ ನಮ್ಮಿಬ್ಬರ ಜೊತೆ ಸಿಗೋಕೆ.”